ದೊಡ್ಡ ಅಳತೆಯ ಅಪರೂಪದ ಎಲೆಕ್ಟ್ರಿಕ್ ಲೋಕೋ ಮಾಡೆಲ್‌ಗಳು: ಆರಿಸುವುದು, ಪರೀಕ್ಷಿಸುವುದು, ಕಾಪಾಡುವುದು

ಮಾಡೆಲ್ ರೈಲು ಸಂಗ್ರಹಿಸುವವರಲ್ಲಿ ಹೆಚ್ಚಿನವರ ಒಲವು ಉಗಿ ಎಂಜಿನ್ ಕಡೆಗೆ. ಎಲೆಕ್ಟ್ರಿಕ್ ಲೋಕೋಗಳ ಹಿಂದೆ ಬೀಳುವವರು ಕಡಿಮೆ. ಆದರೆ ಒಮ್ಮೆ ಅರವತ್ತು ಸೆಂಟಿಮೀಟರ್ ಉದ್ದದ, ಎರಡೂ ಕೈ ಹಾಕಿ ಎತ್ತಬೇಕಾದ ಎಲೆಕ್ಟ್ರಿಕ್ ಲೋಕೋ ಒಂದನ್ನು ಹತ್ತಿರದಿಂದ ನೋಡಿದರೆ ಮನಸ್ಸು ಅಲ್ಲೇ ನಿಲ್ಲುತ್ತದೆ. ಛಾವಣಿಯ ಮೇಲೆ ನಿಂತು ತಂತಿಯಿಂದ ಕರೆಂಟ್ ಎತ್ತುವ ಪ್ಯಾಂಟೋಗ್ರಾಫ್, ಪಿಂಗಾಣಿ ಇನ್ಸುಲೇಟರ್‌ಗಳ ಸಾಲು, ಚಕ್ರಗಳನ್ನು ಜೋಡಿಸುವ ಉದ್ದನೆಯ ರಾಡ್‌ಗಳು ಈ ಅಳತೆಯಲ್ಲಿ ಬರೀ ಗುರುತಾಗಿ ಉಳಿಯುವುದಿಲ್ಲ, ಒಂದೊಂದೂ ಕೆಲಸ ಮಾಡುವ ಭಾಗವಾಗಿ ಕಾಣುತ್ತದೆ.

ಇಂಥ ಲೋಕೋಗಳು ದುಬಾರಿ. ನಕಲು, ರಿಪೇರಿ, ಬಣ್ಣ ಬಳಿದು ಹೊಸದಾಗಿ ಮಾಡಿದ್ದು ಎಲ್ಲವೂ ಇದರಲ್ಲಿ ಜಾಸ್ತಿ. ಹಾಗಾಗಿ ಯಾವ ಕ್ರಮದಲ್ಲಿ ಮುಂದುವರಿದರೆ ಒಳ್ಳೆಯದು ಅನ್ನುವುದನ್ನು ಇಲ್ಲಿ ಬರೆದಿದ್ದೇನೆ. ಇದರಲ್ಲಿ ಒಂದೇ ಒಂದನ್ನು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ಲೋಕೋದ ಮೇಲ್ಭಾಗ ನೋಡಿ ಆಸೆಪಡಿ, ಕೆಳಭಾಗ ನೋಡಿ ದುಡ್ಡು ಕೊಡಿ.

ಮೊದಲು ಗೇಜ್ ಮತ್ತು ಸ್ಕೇಲ್ ಬಗ್ಗೆ ಗೊಂದಲ ಬಿಡಿಸಿಕೊಳ್ಳಿ

ಗೇಜ್ ಅಂದರೆ ಹಳಿಗಳ ನಡುವಿನ ಅಂತರ. ಸ್ಕೇಲ್ ಅಂದರೆ ನಿಜವಾದ ಲೋಕೋಗಿಂತ ಮಾಡೆಲ್ ಎಷ್ಟು ಪಟ್ಟು ಚಿಕ್ಕದು ಅನ್ನುವ ಲೆಕ್ಕ. ದೊಡ್ಡ ಅಳತೆಯಲ್ಲಿ ಈ ಎರಡೂ ಒಂದಕ್ಕೊಂದು ಕಟ್ಟಿಬಿದ್ದಿಲ್ಲ. ಗೊಂದಲ ಶುರುವಾಗುವುದೇ ಇಲ್ಲಿ.

45 ಮಿಲಿಮೀಟರ್ ಹಳಿಯ ಮೇಲೆ ಹಲವು ಸ್ಕೇಲ್‌ಗಳು ಓಡುತ್ತವೆ. ಸಾಮಾನ್ಯ ಗೇಜಿನ, ಅಂದರೆ 1435 ಮಿಲಿಮೀಟರ್ ಹಳಿಯ ಲೋಕೋಗಳನ್ನು 1:32ರಲ್ಲಿ ಮಾಡಿದರೆ 45 ಮಿಲಿಮೀಟರಿಗೆ ಸರಿಯಾಗಿ ಕೂರುತ್ತವೆ. ಇದನ್ನು ಗೇಜ್ 1 ಎನ್ನುತ್ತಾರೆ. ಮೀಟರ್ ಗೇಜಿನ ಲೋಕೋಗಳು ಅದೇ ಹಳಿಗೆ ಬರಬೇಕಾದರೆ ಸ್ಕೇಲ್ 1:22.5 ಆಗಬೇಕು. ಎಲ್‌ಜಿಬಿ ಎಂಬ ಜರ್ಮನಿಯ ಕಂಪನಿ 1968ರಲ್ಲಿ ಮಾರುಕಟ್ಟೆಗೆ ತಂದ ಜಿ ಸ್ಕೇಲ್ ಇದೇ. ಅಮೆರಿಕದ ಯುಎಸ್‌ಎ ಟ್ರೇನ್ಸ್ ಮತ್ತು ಅರಿಸ್ಟೋ-ಕ್ರಾಫ್ಟ್ 1:29ರಲ್ಲಿ ಮಾಡಿದವು. ಲೆಕ್ಕದ ಪ್ರಕಾರ ಅದು ಆ ಹಳಿಗೆ ಸ್ವಲ್ಪ ದೊಡ್ಡದು. ಆದರೆ ಎಲ್‌ಜಿಬಿ ಪಕ್ಕ ನಿಲ್ಲಿಸಿದಾಗ ಕಣ್ಣಿಗೆ ಹೊಂದುತ್ತದೆ.

ಇದಲ್ಲದೆ ಹಳೆಯ ತಗಡಿನ ಲೋಕೋಗಳ ಲೋಕವೇ ಬೇರೆ. ಲಯನಲ್ ಕಂಪನಿ 1906ರಲ್ಲಿ ತಂದ ಸ್ಟ್ಯಾಂಡರ್ಡ್ ಗೇಜ್ ಸುಮಾರು 54 ಮಿಲಿಮೀಟರ್ ಅಗಲದ್ದು, ಮೂರು ಹಳಿಯದ್ದು. ಅದು 45 ಮಿಲಿಮೀಟರ್ ಹಳಿಯ ಮೇಲೆ ನಿಲ್ಲುವುದೇ ಇಲ್ಲ.

ಇದನ್ನೆಲ್ಲಾ ಯಾಕೆ ಹೇಳಿದೆ ಅಂದರೆ, ಮಾರುವವರು ಬರೀ 'ದೊಡ್ಡ ಸ್ಕೇಲ್' ಅಂತ ಬರೆದುಬಿಡುತ್ತಾರೆ. ಹಳಿಯ ಅಂತರ ಎಷ್ಟು, ಸ್ಕೇಲ್ ಎಷ್ಟು, ಕರೆಂಟ್ ಎಸಿಯೋ ಡಿಸಿಯೋ, ಹಳಿ ಎರಡೋ ಮೂರೋ, ಈ ನಾಲ್ಕನ್ನೂ ಕೇಳಿ ತಿಳಿದುಕೊಳ್ಳಿ. ಓಡಿಸುವ ಆಸೆಯಿದ್ದರೆ ತಿರುವಿನ ಅಳತೆಯನ್ನೂ ಕೇಳಿ. ಎಲ್‌ಜಿಬಿಯ ಅತಿ ಸಣ್ಣ ತಿರುವಿನ ತ್ರಿಜ್ಯ 600 ಮಿಲಿಮೀಟರ್. ಜರ್ಮನಿಯದೇ ಆದ ಮಾರ್ಕ್ಲಿನ್ ಕಂಪನಿಯ ಈಗಿನ ದೊಡ್ಡ ಗೇಜ್ 1 ಲೋಕೋಗಳಿಗೆ ಸಾಮಾನ್ಯವಾಗಿ ಕನಿಷ್ಠ 1020 ಮಿಲಿಮೀಟರ್ ಬೇಕು. ಹಿತ್ತಾಳೆಯ ಕೈಕೆಲಸದ ಮಾಡೆಲ್‌ಗಳು ಇನ್ನೂ ದೊಡ್ಡ ತಿರುವು ಕೇಳುತ್ತವೆ.

ಕಂಪನಿಯನ್ನಲ್ಲ, ಒಂದು ನಿಜವಾದ ಲೋಕೋವನ್ನು ಹಿಡಿಯಿರಿ

ಹೊಸಬರು ಸಾಮಾನ್ಯವಾಗಿ ಒಂದು ಕಂಪನಿ ಹಿಡಿದು ಅದರ ಕ್ಯಾಟಲಾಗ್ ಮುಗಿಸಲು ಹೊರಡುತ್ತಾರೆ. ನನ್ನ ಸಲಹೆ ಬೇರೆ. ನಿಜವಾಗಿ ಓಡಿದ ಒಂದು ಲೋಕೋ ಆರಿಸಿ. ಅದರ ಚರಿತ್ರೆ ಪೂರ್ತಿ ಓದಿ. ಆಮೇಲೆ ಯಾರ್‍ಯಾರು ಅದರ ಮಾಡೆಲ್ ಮಾಡಿದ್ದಾರೆ ನೋಡಿ. ಹೀಗೆ ಮಾಡಿದರೆ ಮೂರ್ನಾಲ್ಕು ಲೋಕೋ ಸೇರಿದರೂ ಅದೊಂದು ಸಂಗ್ರಹ ಅನಿಸಿಕೊಳ್ಳುತ್ತದೆ. ಜೊತೆಗೆ ತಪ್ಪು ಮಾಡೆಲ್ ಕಣ್ಣಿಗೆ ಬಿದ್ದ ತಕ್ಷಣ ಗೊತ್ತಾಗುತ್ತದೆ.

ಸ್ವಿಟ್ಜರ್ಲೆಂಡಿನ ಮೊಸಳೆ, ಅಂದರೆ ಕ್ರೊಕೊಡೈಲ್, ಇದಕ್ಕೆ ಒಳ್ಳೆಯ ಉದಾಹರಣೆ. ಗಾಟ್‌ಹಾರ್ಡ್ ಬೆಟ್ಟದ ಹಾದಿಯಲ್ಲಿ ಸರಕು ಗಾಡಿ ಎಳೆಯಲು ಸ್ವಿಸ್ ಫೆಡರಲ್ ರೈಲ್ವೆ ತರಿಸಿದ ಸಿಇ 6/8 II ಸರಣಿಯ 33 ಲೋಕೋಗಳು 1919ರಿಂದ 1922ರ ನಡುವೆ ತಯಾರಾದವು. ಆಮೇಲೆ 1926-27ರಲ್ಲಿ ಸಿಇ 6/8 III ಸರಣಿಯ 18 ಬಂದವು. ನಡುವೆ ಕ್ಯಾಬ್ ಇರುವ ಪೆಟ್ಟಿಗೆ, ಎರಡೂ ಕಡೆ ಮೋಟಾರ್ ಹೊತ್ತ ಉದ್ದನೆಯ ಮೂತಿ. ಮೂರೂ ಭಾಗಗಳನ್ನು ಕೀಲಿನಿಂದ ಜೋಡಿಸಿದ್ದರಿಂದ ಅಷ್ಟು ಉದ್ದದ ಲೋಕೋ ಬೆಟ್ಟದ ತಿರುವಿನಲ್ಲಿ ಬಾಗಿ ಹೋಗುತ್ತಿತ್ತು. ಹೆಸರಿನಲ್ಲಿರುವ 6/8 ಅಂದರೆ ಎಂಟು ಆಕ್ಸಲ್‌ಗಳಲ್ಲಿ ಆರಕ್ಕೆ ಎಳೆಯುವ ಶಕ್ತಿ ಇದೆ ಎಂದರ್ಥ. ನಿಜವಾದ ಲೋಕೋ ಸುಮಾರು ಹತ್ತೊಂಬತ್ತೂವರೆ ಮೀಟರ್ ಉದ್ದ. 1:32ರಲ್ಲಿ ಅದು ಅರವತ್ತು ಸೆಂಟಿಮೀಟರ್ ಚಿಲ್ಲರೆ ಆಗುತ್ತದೆ.

ಈಗ ಇದನ್ನು ಕೊಳ್ಳುವಾಗ ಹೇಗೆ ಬಳಸುವುದು ನೋಡಿ. ಈ ಲೋಕೋಗಳು ಮೊದಲು ಬಂದದ್ದು ಕಂದು ಬಣ್ಣದಲ್ಲಿ. ಹಸಿರು ಆಮೇಲಿನದ್ದು. 1940ರ ದಶಕದಲ್ಲಿ 13 ಲೋಕೋಗಳಿಗೆ ಹೆಚ್ಚು ಶಕ್ತಿಯ ಮೋಟಾರ್ ಹಾಕಿ ವೇಗ ಏರಿಸಿದರು. ಆಗ ಅವುಗಳ ಹೆಸರು ಬಿಇ 6/8 II ಆಯಿತು, ಐದಂಕಿಯ ನಂಬರುಗಳ ಮೊದಲ ಮೂರು ಅಂಕಿಯೂ 142ರ ಬದಲು 132 ಆಯಿತು. ಹಾಗಿದ್ದ ಮೇಲೆ ಕಂದು ಮೈಗೆ 132ರ ನಂಬರ್ ಅಂಟಿಸಿದ ಮಾಡೆಲ್ ಸಿಕ್ಕರೆ ಪ್ರಶ್ನೆ ಏಳಬೇಕು. ಕಂಪನಿಯೇ ಹಾಗೆ ಮಾಡಿತೇ, ಇಲ್ಲಾ ಯಾರೋ ಎರಡು ಲೋಕೋ ಬಿಚ್ಚಿ ಒಂದು ಮಾಡಿದರೇ? ಕ್ಯಾಟಲಾಗ್ ತೆಗೆದು ನೋಡಿದರೆ ಉತ್ತರ ಸಿಗುತ್ತದೆ. ಆದರೆ ಪ್ರಶ್ನೆ ಹುಟ್ಟಬೇಕಾದರೆ ನಿಜವಾದ ಲೋಕೋ ಗೊತ್ತಿರಬೇಕು.

ಇದರ ತಮ್ಮನಂತಿರುವ ಇನ್ನೊಂದು ಮೊಸಳೆ ಸ್ವಿಟ್ಜರ್ಲೆಂಡಿನದೇ ಆದ ರೇಷಿಯನ್ ರೈಲ್ವೆಯ ಜಿಇ 6/6 I. ಮೀಟರ್ ಗೇಜಿನದ್ದು. 401ರಿಂದ 415ರವರೆಗೆ ಹದಿನೈದೇ ಲೋಕೋಗಳು, 1921ರಿಂದ 1929ರ ನಡುವೆ ತಯಾರಾದವು. 402 ಲೂಸರ್ನ್‌ನ ಸಾರಿಗೆ ಮ್ಯೂಸಿಯಮ್ಮಿನಲ್ಲಿದೆ. ಜಿ ಸ್ಕೇಲಿನ ಮೊಸಳೆಗಳು ಹೆಚ್ಚಾಗಿ ಇದರವೇ. ಎರಡು ಮೊಸಳೆಗಳನ್ನೂ ಒಂದೇ ಎಂದುಕೊಂಡು ಗೇಜ್ 1ರ ಗಾಡಿಗೆ ಜಿ ಸ್ಕೇಲಿನ ಮೊಸಳೆ ಕಟ್ಟುವವರಿದ್ದಾರೆ. ಹಳಿ ಒಂದೇ ಆದ್ದರಿಂದ ಓಡುತ್ತದೆ ನಿಜ, ಆದರೆ ನೋಡಲು ಹೊಂದುವುದಿಲ್ಲ.

ಅಮೆರಿಕದ ಕಡೆ ಹೋಗುವವರಿಗೆ ಪೆನ್ಸಿಲ್ವೇನಿಯಾ ರೈಲ್‌ರೋಡಿನ ಜಿಜಿ1 ಇದೆ. 1934ರಿಂದ 1943ರವರೆಗೆ 139 ತಯಾರಾದವು. ಮೊದಲನೆಯದಾದ 4800ರ ಮೈ ತುಂಬಾ ರಿವೆಟ್‌ಗಳಿದ್ದವು. ವಿನ್ಯಾಸಕಾರ ರೇಮಂಡ್ ಲೋವಿ ರಿವೆಟ್ ಬಿಟ್ಟು ಬೆಸುಗೆ ಹಾಕಿ ನುಣುಪಾಗಿ ಮಾಡಿ ಎಂದು ಸೂಚಿಸಿದರು, ಉದ್ದಕ್ಕೂ ಐದು ಚಿನ್ನದ ಗೆರೆಗಳನ್ನೂ ಎಳೆಸಿದರು. ಉಳಿದ ಲೋಕೋಗಳೆಲ್ಲ ನುಣುಪು ಮೈಯವು. ರಿವೆಟ್ ಇರುವ ಮಾಡೆಲ್ ಮೇಲೆ 4800 (ಇಲ್ಲವೇ ಅದಕ್ಕೆ ಮೊದಲು ಇದ್ದ ನಂಬರ್ 4899) ಬಿಟ್ಟು ಬೇರೆ ನಂಬರ್ ಕಂಡರೆ ಏನೋ ತಪ್ಪಾಗಿದೆ ಅಂತಲೇ ಅರ್ಥ. 1:29ರಲ್ಲಿ ಈ ಲೋಕೋ ಎಂಬತ್ತು ಸೆಂಟಿಮೀಟರ್ ದಾಟುತ್ತದೆ. ಕೊಳ್ಳುವ ಮೊದಲು ಕಪಾಟಿನ ಅಳತೆ ತೆಗೆದುಕೊಳ್ಳುವುದು ಒಳ್ಳೆಯದು.

ಅಪರೂಪ ಅಂದರೆ ಯಾವುದು?

ಹಳೆಯದೆಲ್ಲ ಅಪರೂಪವಲ್ಲ. 'ಲಿಮಿಟೆಡ್ ಎಡಿಷನ್' ಅಂತ ಪೆಟ್ಟಿಗೆ ಮೇಲೆ ಅಚ್ಚಾದದ್ದೂ ಅಪರೂಪವಲ್ಲ. ಸಾವಿರಗಟ್ಟಲೆ ಮಾಡಿ ಲಿಮಿಟೆಡ್ ಅನ್ನುವುದುಂಟು. ಅಪರೂಪಕ್ಕೆ ಕಾರಣ ಏನು ಅಂತ ಪ್ರತಿ ಸಲ ಕೇಳಿಕೊಳ್ಳಬೇಕು.

ಒಂದು ಕಾರಣ, ಕಾಲ. ಮಾರ್ಕ್ಲಿನ್ ಎರಡನೇ ಮಹಾಯುದ್ಧಕ್ಕೆ ಮುಂಚೆ ಮಾಡಿದ ಗೇಜ್ 1ರ ಮೊಸಳೆ ಆಗಲೇ ತುಂಬಾ ದುಬಾರಿ. ಕೊಂಡವರು ಕಡಿಮೆ, ಉಳಿದವು ಇನ್ನೂ ಕಡಿಮೆ. ಆ ಕಾಲದ ಕ್ಯಾಟಲಾಗ್ ನಂಬರಿನ ಕೊನೆಯ ಅಂಕಿ ನೋಡಿದರೆ ಗೇಜ್ ತಿಳಿಯುತ್ತದೆ. ಮೊಸಳೆಯಲ್ಲಿ 12920 ಇದ್ದರೆ ಗೇಜ್ 0 (ಗೇಜ್ 1ಕ್ಕಿಂತ ಸಣ್ಣದು), 12921 ಇದ್ದರೆ ಗೇಜ್ 1. ಒಂದೇ ಅಂಕಿ ವ್ಯತ್ಯಾಸ, ಬೆಲೆಯಲ್ಲಿ ಮಾತ್ರ ಭಾರಿ ಅಂತರ. ಮಾರ್ಕ್ಲಿನ್ ಆಮೇಲೆ ಗೇಜ್ 1 ನಿಲ್ಲಿಸಿ, 1969ರಲ್ಲಿ ಮತ್ತೆ ಶುರುಮಾಡಿತು. ಆದ್ದರಿಂದ 'ಹಳೆಯ ಮಾರ್ಕ್ಲಿನ್ ಗೇಜ್ 1' ಅಂದಾಗ ಯಾವ ಕಾಲದ್ದು ಅಂತ ಕೇಳಲೇಬೇಕು.

ಎರಡನೆಯ ಕಾರಣ, ಕೈಕೆಲಸ. ಫುಲ್ಗುರೆಕ್ಸ್, ಲೆಮಾಕೋ, ಕಿಸ್, ಡಿಂಗ್ಲರ್ ಇಂಥ ಹೆಸರುಗಳ ಹಿತ್ತಾಳೆ ಮಾಡೆಲ್‌ಗಳು ಸಣ್ಣ ಸಣ್ಣ ಕಂತಿನಲ್ಲಿ ಬಂದವು. ಇವುಗಳಲ್ಲಿ ಅಪರೂಪ ಅನ್ನುವುದು ನಿಜವಾದದ್ದು, ಯಾಕೆಂದರೆ ಅದೇ ಮಾಡೆಲ್ ಮತ್ತೆ ಮಾಡಲು ಕಂಪನಿಗೂ ಸುಲಭವಿಲ್ಲ.

ಮೂರನೆಯದು ಬಣ್ಣ. ರೇಷಿಯನ್ ರೈಲ್ವೆಯ ಜಿಇ 4/4 III ಲೋಕೋಗಳು ಹನ್ನೆರಡೇ ಇದ್ದರೂ ಅವುಗಳ ಮೈಮೇಲೆ ಜಾಹೀರಾತುಗಳು ಬದಲಾಗುತ್ತಲೇ ಬಂದಿವೆ. ಎಲ್‌ಜಿಬಿ ಹಲವು ಜಾಹೀರಾತುಗಳ ಮಾಡೆಲ್ ತಂದಿದೆ. ಅಚ್ಚು ಒಂದೇ, ಬಣ್ಣ ಬೇರೆ. ಒಂದು ಬಣ್ಣ ಸುಲಭವಾಗಿ ಸಿಕ್ಕರೆ ಇನ್ನೊಂದಕ್ಕೆ ಕಾಯಬೇಕಾಗುತ್ತದೆ. ಇಲ್ಲಿ ಹುಷಾರಾಗಿರಿ. ಬಣ್ಣದಿಂದ ಬಂದ ಅಪರೂಪವನ್ನು ನಕಲು ಮಾಡುವುದು ಎಲ್ಲಕ್ಕಿಂತ ಸುಲಭ.

ಎಲ್‌ಜಿಬಿಯ ಕಂದು ಮೊಸಳೆ, ನಂಬರ್ 2040, ನೋಡಲು ಬಲು ಚೆಂದ. ಮೊದಲ ಲೋಕೋ ಆಗಿ ಅದನ್ನು ಕೊಳ್ಳಿ ಅಂತ ಧೈರ್ಯವಾಗಿ ಹೇಳುತ್ತೇನೆ. ಆದರೆ ಅದು ಬಹಳ ಮಾರಾಟವಾದ ಮಾಡೆಲ್. ಅಪರೂಪ ಅಂತ ಹೇಳಿ ಯಾರಾದರೂ ಹೆಚ್ಚು ಕೇಳಿದರೆ ಕೊಡಬೇಡಿ. ಇನ್ನೊಂದು ಮಾತು, ಹೆಸರುವಾಸಿ ಲೋಕೋಗಳನ್ನು ಕಂಪನಿಗಳು ಮತ್ತೆ ಮತ್ತೆ ತರುತ್ತವೆ. ಹೊಸದು ಬಂದ ವರ್ಷ ಹಳೆಯದರ ಬೆಲೆ ಇಳಿಯಬಹುದು. ಯುದ್ಧಪೂರ್ವದ ತಗಡಿನ ಲೋಕೋಗಳಿಗೂ ಹೆಚ್ಚಿನ ಹಿತ್ತಾಳೆ ಮಾಡೆಲ್‌ಗಳಿಗೂ ಈ ಭಯ ಕಡಿಮೆ.

ಬೆಲೆ ಕಲಿಯಿರಿ, ಆಮೇಲೆ ಹುಡುಕಿ

ಕೇಳುವ ಬೆಲೆ ಬೇರೆ, ಮಾರಾಟವಾದ ಬೆಲೆ ಬೇರೆ. ಮಾರಾಟಕ್ಕಿಟ್ಟ ಪಟ್ಟಿ ನೋಡಿ ಅಂದಾಜು ಮಾಡಬೇಡಿ. ಹರಾಜು ಮನೆಗಳು ಮುಗಿದ ಹರಾಜಿನ ಫಲಿತಾಂಶ ಪ್ರಕಟಿಸುತ್ತವೆ. ಆನ್‌ಲೈನ್ ಮಾರುಕಟ್ಟೆಗಳಲ್ಲೂ ಮಾರಾಟವಾದವನ್ನು ಮಾತ್ರ ತೋರಿಸುವ ಸೌಲಭ್ಯ ಇರುತ್ತದೆ. ಕೆಲವು ತಿಂಗಳು ಸುಮ್ನೆ ಗಮನಿಸಿ, ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ: ಯಾವ ನಂಬರ್, ಯಾವ ಸ್ಥಿತಿ, ಪೆಟ್ಟಿಗೆ ಇತ್ತೇ, ಎಷ್ಟಕ್ಕೆ ಹೋಯಿತು. ಇಷ್ಟಾದರೆ ನಿಮ್ಮ ಲೋಕೋದ ಬೆಲೆ ನಿಮಗೇ ಗೊತ್ತಿರುತ್ತದೆ.

ಹರಾಜಿನಲ್ಲಿ ಕೂಗಿದ ಬೆಲೆಯ ಮೇಲೆ ಹರಾಜು ಮನೆಯ ಕಮಿಷನ್, ತೆರಿಗೆ, ಸಾಗಣೆ, ಗಡಿ ದಾಟಿದರೆ ಕಸ್ಟಮ್ಸ್ ಸುಂಕ ಸೇರುತ್ತದೆ. ಬಿಡ್ ಮಾಡುವ ಮೊದಲೇ ಇವೆಲ್ಲ ಸೇರಿಸಿ ಹಿಂದಕ್ಕೆ ಲೆಕ್ಕ ಹಾಕಿ ನಿಮ್ಮ ಮಿತಿ ಬರೆದುಕೊಳ್ಳಿ. ಹರಾಜು ಕಾವೇರಿದ ಮೇಲೆ ಮಿತಿ ನಿಗದಿ ಮಾಡಲು ಆಗುವುದಿಲ್ಲ.

ಸ್ಥಿತಿ ಹೇಳಲು ಅಮೆರಿಕದ ಟ್ರೇನ್ ಕಲೆಕ್ಟರ್ಸ್ ಅಸೋಸಿಯೇಷನ್ ರೂಢಿಗೆ ತಂದ ಶ್ರೇಣಿ ಬಹಳ ಕಡೆ ನಡೆಯುತ್ತದೆ. ಸಿ-10 ಅಂದರೆ ಮುಟ್ಟದ ಹೊಸದು, ಕೆಳಗಿಳಿದಂತೆ ಸವೆತ ಜಾಸ್ತಿ. 1954ರಲ್ಲಿ ಶುರುವಾದ ಈ ಸಂಘದ ಯಾರ್ಕ್ ಮೇಳಕ್ಕೆ, ಪೆನ್ಸಿಲ್ವೇನಿಯಾದಲ್ಲಿ ವರ್ಷಕ್ಕೆ ಎರಡು ಸಲ, ಹಳೆಯ ತಗಡಿನ ಲೋಕೋಗಳು ರಾಶಿ ರಾಶಿಯಾಗಿ ಬರುತ್ತವೆ. ಕೊಳ್ಳದಿದ್ದರೂ ಇಂಥ ಮೇಳಕ್ಕೆ ಹೋಗಿ ಲೋಕೋಗಳನ್ನು ಕೈಯಲ್ಲಿ ಹಿಡಿದು ನೋಡುವುದು ದೊಡ್ಡ ಪಾಠ. ಮೂಲ ಬಣ್ಣದ ಹೊಳಪು ಫೋಟೋದಲ್ಲಿ ಕಲಿಯಲು ಬರುವುದಿಲ್ಲ.

ದೂರದಿಂದ ಕೊಳ್ಳುವಾಗ ಯಾವ ಫೋಟೋ ಕೇಳಬೇಕು

ಅಡಿಭಾಗದ ಪೂರ್ತಿ ಫೋಟೋ. ಒಂದೊಂದು ಚಕ್ರದ ಹತ್ತಿರದ ಫೋಟೋ. ಎರಡೂ ಪ್ಯಾಂಟೋಗ್ರಾಫ್ ಎತ್ತಿ ತೆಗೆದದ್ದು. ನಂಬರ್ ಪ್ಲೇಟ್, ಪೆಟ್ಟಿಗೆಯ ತುದಿಯ ಲೇಬಲ್. ಆಗುವುದಾದರೆ ಮೈ ತೆಗೆದು ಒಳಗಿನ ಫೋಟೋ. ಓಡುವ ವಿಡಿಯೋ ಕೇಳಿದರೆ ನಿಧಾನ ವೇಗದಲ್ಲಿ ಎರಡೂ ದಿಕ್ಕಿನಲ್ಲಿ ಓಡಿಸಲು ಹೇಳಿ. ಜೋರಾಗಿ ಓಡಿಸಿದರೆ ಎಲ್ಲ ಲೋಕೋಗಳೂ ಚೆನ್ನಾಗಿಯೇ ಕಾಣುತ್ತವೆ. ಅಡಿಭಾಗ ತೋರಿಸಲು ಹಿಂಜರಿಯುವವರ ಹತ್ತಿರ ಕೊಳ್ಳಬೇಡಿ. ಕಾರಣ ಏನೇ ಹೇಳಲಿ, ಬೇಡ.

ಕೈಗೆ ಸಿಕ್ಕಾಗ: ಹೊಟ್ಟೆ ಮೇಲೆ ಮಾಡಿ ನೋಡಿ

ಮೆತ್ತನೆಯ ಬಟ್ಟೆ ಹಾಸಿ, ಪ್ಯಾಂಟೋಗ್ರಾಫಿಗೆ ಭಾರ ಬೀಳದಂತೆ ಎರಡು ದಿಂಬಿನ ನಡುವೆ ಲೋಕೋವನ್ನು ಮಗುಚಿ ಮಲಗಿಸಿ. ಒಂದು ಟಾರ್ಚ್, ಒಂದು ಭೂತಗನ್ನಡಿ ಸಾಕು.

ಮೊದಲು ಚಕ್ರ. ಯುದ್ಧಪೂರ್ವದ ಲೋಕೋಗಳಲ್ಲಿ ಎಲ್ಲಕ್ಕಿಂತ ದೊಡ್ಡ ಶತ್ರು ಝಿಂಕ್ ಪೆಸ್ಟ್. ಸತುವಿನ ಮಿಶ್ರಲೋಹ ಎರಕ ಹೊಯ್ಯುವಾಗ ಸೀಸದಂಥ ಕಲ್ಮಶ ಸೇರಿದರೆ, ವರ್ಷಗಳು ಕಳೆದಂತೆ ಲೋಹದ ಕಣಗಳ ನಡುವೆಯೇ ತುಕ್ಕು ಹಬ್ಬುತ್ತದೆ. ಲೋಹ ಉಬ್ಬುತ್ತದೆ, ಬಿರುಕು ಬಿಡುತ್ತದೆ, ಕೊನೆಗೆ ಪುಡಿಯಾಗುತ್ತದೆ. ತೇವ ಮತ್ತು ಸೆಕೆ ಇದನ್ನು ಬೇಗ ಮಾಡುತ್ತವೆ. ಶುದ್ಧ ಸತು ಬಳಸುವ ಝಮಾಕ್ ಮಿಶ್ರಲೋಹ 1929ರಲ್ಲಿ ಬಂದರೂ ಎಲ್ಲ ಕಾರ್ಖಾನೆಗಳೂ ತಕ್ಷಣ ಶುದ್ಧತೆ ಪಾಲಿಸಲಿಲ್ಲ. ಆಮೇಲಿನ ಮಾಡೆಲ್‌ಗಳಲ್ಲೂ ಅಲ್ಲೊಂದು ಇಲ್ಲೊಂದು ಕಾಣಿಸುತ್ತದೆ.

ಗುರುತಿಸುವುದು ಹೀಗೆ. ಚಕ್ರದ ಅಂಚಿನಲ್ಲಿ ಕೂದಲೆಳೆಯಂಥ ಬಿರುಕುಗಳು ಬಲೆಯಂತೆ ಹರಡಿರುತ್ತವೆ. ಕಡ್ಡಿಗಳ ಬುಡದಲ್ಲಿ ಬಣ್ಣ ಎದ್ದಿರುತ್ತದೆ. ಚಕ್ರವನ್ನು ಆಕ್ಸಲ್ ಮೇಲೆ ನೋಡಿದರೆ ನೆಟ್ಟಗಿರುವುದಿಲ್ಲ, ಓಲಾಡುತ್ತದೆ. ಎರಕದ ಫ್ರೇಮ್ ಆದರೆ ಅದರ ಪಕ್ಕ ಉಕ್ಕಿನ ಅಳತೆಪಟ್ಟಿ ಇಟ್ಟು ನೋಡಿ, ಬಾಗಿದ್ದರೆ ಬೆಳಕು ತೂರಿ ಬರುತ್ತದೆ. ಇದಕ್ಕೆ ಔಷಧಿ ಇಲ್ಲ. ಅಂಟು ಹಾಕಿ ಬಣ್ಣ ಬಳಿದು ಮುಚ್ಚಬಹುದು ಅಷ್ಟೇ. ಒಂದು ಸಮಾಧಾನ, ಇದು ಒಂದು ಲೋಕೋದಿಂದ ಇನ್ನೊಂದಕ್ಕೆ ಅಂಟುವುದಿಲ್ಲ. ಚಕ್ರ ಮಾತ್ರ ಹೋಗಿದ್ದರೆ ಹೊಸ ಎರಕದ ಚಕ್ರ ಹಾಕಿಸಬಹುದು, ಅದನ್ನು ಸಂಗ್ರಹಕಾರರು ಒಪ್ಪುತ್ತಾರೆ. ಫ್ರೇಮೇ ಹೋಗಿದ್ದರೆ ಬಿಟ್ಟುಬಿಡಿ.

ಆಮೇಲೆ ಸ್ಕ್ರೂ. ಸ್ಕ್ರೂ ತಲೆಯ ಗೀರು ಹರಿದಿದೆಯೇ, ಬಣ್ಣ ಕಿತ್ತಿದೆಯೇ ನೋಡಿ. ಎಲ್ಲ ಸ್ಕ್ರೂಗಳೂ ಒಂದೇ ಥರ ಇದ್ದು ಒಂದು ಮಾತ್ರ ಹೊಳೆಯುತ್ತಿದ್ದರೆ, ಅದು ಬೇರೆ ಕಡೆಯಿಂದ ಬಂದದ್ದು. ಹಳೆಯ ಲೋಕೋ ಬಿಚ್ಚಿರುವುದು ತಪ್ಪಲ್ಲ, ಎಣ್ಣೆ ಹಾಕಲು ಬಿಚ್ಚಲೇಬೇಕು. ಬಿಚ್ಚಿ ಏನು ಬದಲಿಸಿದರು ಅನ್ನುವುದೇ ಪ್ರಶ್ನೆ.

ಬಣ್ಣ ಮತ್ತೆ ಬಳಿದಿದ್ದಾರೋ ಇಲ್ಲವೋ ತಿಳಿಯಲು ನಂಬರ್ ಪ್ಲೇಟಿನ ಅಂಚು, ತಗಡಿನ ಮಡಿಕೆ, ಮೈಯ ಒಳಭಾಗ ನೋಡಿ. ಹೊಸ ಬಣ್ಣದ ತುಂತುರು ಒಳಗೆ ಬಿದ್ದಿರುತ್ತದೆ. ಪ್ಲೇಟ್ ಹಿಡಿದಿರುವ ಪುಟ್ಟ ತಗಡಿನ ನಾಲಿಗೆಗಳನ್ನು ಎತ್ತಿ ಮತ್ತೆ ಮಡಚಿದ್ದರೆ ಅಲ್ಲಿ ಬಣ್ಣ ಒಡೆದಿರುತ್ತದೆ. ಕತ್ತಲೆ ಕೋಣೆಯಲ್ಲಿ ಅಲ್ಟ್ರಾವೈಲೆಟ್ ಟಾರ್ಚ್ ಬಿಟ್ಟರೆ ಹಳೆಯ ಬಣ್ಣವೂ ಹೊಸ ಬಣ್ಣವೂ ಬೇರೆ ಬೇರೆಯಾಗಿ ಕಾಣುತ್ತವೆ. ಒಂದೇ ಸಮ ಇರಬೇಕಾದ ಮೈಮೇಲೆ ತೇಪೆ ಕಂಡರೆ ಅಲ್ಲಿ ಕೈಯಾಡಿಸಿದ್ದಾರೆ.

ಲಯನಲ್ ಸ್ಟ್ಯಾಂಡರ್ಡ್ ಗೇಜಿನ ವಿಷಯಕ್ಕೆ ಒಂದು ಎಚ್ಚರಿಕೆ. 1928ರಿಂದ 1936ರವರೆಗೆ ಬಂದ 381ಇ ಲೋಕೋ ಅಮೆರಿಕದ ಮಿಲ್ವಾಕಿ ರೋಡ್ ರೈಲ್ವೆಯ ಬೈಪೋಲಾರ್ ಎಂಬ ಎಲೆಕ್ಟ್ರಿಕ್ ಲೋಕೋ ನೋಡಿ ಮಾಡಿದ್ದು. ಅದರ ಜೊತೆ ಮಾರುತ್ತಿದ್ದ ಸ್ಟೇಟ್ ಸೆಟ್ ಎಂಬ ರೈಲಿನ ದೊಡ್ಡ ಬೋಗಿಗಳು ಎಷ್ಟು ಭಾರ ಅಂದರೆ ಒಂಟಿ ಮೋಟಾರಿನ 381ಇ ಎಳೆಯಲು ಒದ್ದಾಡುತ್ತಿತ್ತು. ಅದಕ್ಕೆ ಎರಡು ಮೋಟಾರಿನ 408ಇ ಕೊಡತೊಡಗಿದರು. ಹಾಗಾಗಿ ಸೆಟ್‌ನಲ್ಲಿ 408ಇ ಕಂಡರೆ ಅದು ಬೆರಕೆ ಎಂದು ತಳ್ಳಿಹಾಕಬೇಡಿ. ಆದರೆ 1980ರ ದಶಕದಿಂದೀಚೆಗೆ ಇವುಗಳ ಮರುತಯಾರಿಕೆಗಳು ಲಯನಲ್‌ನಿಂದಲೂ ಎಂಟಿಎಚ್ ಎಂಬ ಇನ್ನೊಂದು ಕಂಪನಿಯಿಂದಲೂ ಬಂದಿವೆ. ಅವು ಕಳಪೆಯಲ್ಲ, ಓಡಿಸಲು ಹಳೆಯದಕ್ಕಿಂತ ಮೇಲು. ಅವನ್ನು ಮೂಲ ಅಂತ ಹೇಳಿ ಮಾರುವುದು ಮಾತ್ರ ಮೋಸ. ಇಲ್ಲೂ ಉತ್ತರ ಅಡಿಭಾಗದಲ್ಲೇ ಸಿಗುತ್ತದೆ: ಮೋಟಾರಿನ ರೀತಿ, ವೈರಿನ ಹೊದಿಕೆ ಬಟ್ಟೆಯದೋ ಪ್ಲಾಸ್ಟಿಕ್ಕಿನದೋ, ಕೆಳಗಿನ ಗುರುತು ಏನು ಹೇಳುತ್ತದೆ.

ಮೊಸಳೆ ಆದರೆ ಕೀಲುಗಳನ್ನು ಬೇರೆಯಾಗಿ ನೋಡಬೇಕು. ಎರಡು ಮೂತಿಗಳಿಗೂ ನಡುವಿನ ಪೆಟ್ಟಿಗೆಗೂ ನಡುವೆ ಹೋಗುವ ವೈರುಗಳು ಪ್ರತಿ ತಿರುವಿನಲ್ಲೂ ಬಾಗಿ ಬಾಗಿ ಒಳಗೊಳಗೇ ತುಂಡಾಗಿರುತ್ತವೆ. ಲೋಕೋ ನೇರ ಹಳಿಯಲ್ಲಿ ಓಡಿ ತಿರುವಿನಲ್ಲಿ ನಿಂತರೆ ಬಹುಪಾಲು ಇದೇ ಕಾರಣ. ಪಕ್ಕದ ರಾಡ್‌ಗಳನ್ನು ಬೆರಳಿನಿಂದ ಮೆಲ್ಲಗೆ ಅಲ್ಲಾಡಿಸಿ. ಸ್ವಲ್ಪ ಸಡಿಲ ಇರಬೇಕು. ಒಂದು ಕಡೆ ಬಿಗಿ ಇನ್ನೊಂದು ಕಡೆ ಸಡಿಲ ಇದ್ದರೆ ಯಾವುದೋ ಚಕ್ರ ಆಕ್ಸಲ್ ಮೇಲೆ ತಿರುಗಿಹೋಗಿದೆ.

ಪ್ಲಾಸ್ಟಿಕ್ ಮೈಯ ಜಿ ಸ್ಕೇಲ್ ಲೋಕೋಗಳು ತೋಟದಲ್ಲಿ ಓಡಿ ಬಂದಿರಬಹುದು. ಬಿಸಿಲಿಗೆ ಮೇಲ್ಭಾಗ ಮಾಸಿ, ಅಡಿಯಲ್ಲಿ ಮಾತ್ರ ಮೂಲ ಬಣ್ಣ ಉಳಿದಿರುತ್ತದೆ. ಚಕ್ರದ ನಿಕ್ಕಲ್ ಲೇಪ ಸವೆದು ಹಿತ್ತಾಳೆ ಕಾಣುತ್ತಿದ್ದರೆ ಬಹಳ ಓಡಿದೆ ಅಂತ ಅರ್ಥ. ಹಳಿಯನ್ನು ಸವರುತ್ತಾ ಕರೆಂಟ್ ಎತ್ತುವ ಶೂಗಳು ಎಷ್ಟು ಸವೆದಿವೆ ನೋಡಿ. ಇವು ಸಿಗುವ ಭಾಗಗಳೇ, ಬದಲಿಸಬಹುದು. ಬೆಲೆ ಮಾತಾಡಲು ಉಪಯೋಗಕ್ಕೆ ಬರುತ್ತದೆ ಅಷ್ಟೇ.

ಕರೆಂಟ್ ಕೊಡುವ ಮೊದಲು

ಇದನ್ನು ದಯವಿಟ್ಟು ಗಂಭೀರವಾಗಿ ತೆಗೆದುಕೊಳ್ಳಿ. 1920ರ ದಶಕದ ನಡುವಿನವರೆಗೂ ಯುರೋಪಿನ ಕೆಲವು ಆಟಿಕೆ ರೈಲುಗಳು ಮನೆಯ ಮೇನ್ ಕರೆಂಟಿಗೇ ನೇರ ಜೋಡಿಸುವಂಥವು. ನಡುವೆ ಒಂದು ಬಲ್ಬ್ ಇಟ್ಟು ಕರೆಂಟ್ ಇಳಿಸುತ್ತಿದ್ದರು. ಹಳಿ ಮುಟ್ಟಿದರೆ ಜೀವಕ್ಕೇ ಅಪಾಯ. ಅಂಥ ಲೋಕೋ ಸಿಕ್ಕರೆ ಕಪಾಟಿನಲ್ಲಿಡಿ, ಎಂದೂ ಓಡಿಸಬೇಡಿ. ಆಮೇಲಿನ 20 ವೋಲ್ಟಿನ ಲೋಕೋಗಳಿಗೂ ಅವುಗಳ ಜೊತೆ ಬಂದ ಹಳೆಯ ಟ್ರಾನ್ಸ್‌ಫಾರ್ಮರ್ ಬಳಸಬೇಡಿ. ಬಟ್ಟೆ ಸುತ್ತಿದ ವೈರು ಒಣಗಿ ಉದುರಿರುತ್ತದೆ. ಈಗಿನ ಸುರಕ್ಷಿತ ಟ್ರಾನ್ಸ್‌ಫಾರ್ಮರ್ ಕೊಳ್ಳಿ.

ಲೋಕೋವನ್ನು ಹಳಿ ಮೇಲಿಟ್ಟು ಕೈಯಿಂದ ತಳ್ಳಿ ನೋಡುವ ಅಭ್ಯಾಸ ಕೆಲವರಿಗೆ. ಎಲ್‌ಜಿಬಿ ಥರದ ಲೋಕೋಗಳಲ್ಲಿ ವರ್ಮ್ ಗೇರ್ ಇರುತ್ತದೆ. ಮೋಟಾರ್ ಚಕ್ರವನ್ನು ತಿರುಗಿಸಬಲ್ಲದು, ಚಕ್ರ ಮೋಟಾರನ್ನು ತಿರುಗಿಸಲಾರದು. ಬಲವಂತ ಮಾಡಿದರೆ ಗೇರಿನ ಹಲ್ಲು ಹೋಗುತ್ತದೆ.

ವರ್ಷಗಟ್ಟಲೆ ನಿಂತ ಲೋಕೋದ ಗ್ರೀಸ್ ಮೇಣದಂತೆ ಗಟ್ಟಿಯಾಗಿರುತ್ತದೆ. ಅದನ್ನು ತೆಗೆದು, ಪ್ಲಾಸ್ಟಿಕ್ ಗೇರಿಗೆ ಹೊಂದುವ ಹೊಸ ಗ್ರೀಸ್ ತೆಳುವಾಗಿ ಹಚ್ಚಿ. ಆಕ್ಸಲ್ ತುದಿಗೆ ಒಂದೊಂದು ಹನಿ ಎಣ್ಣೆ ಸಾಕು. ಆಮೇಲೆ ಚಕ್ರ ಗಾಳಿಯಲ್ಲಿರುವಂತೆ ಎತ್ತಿಟ್ಟು, ಕರೆಂಟ್ ಅಳೆಯುವ ಆಮ್ಮೀಟರ್ ಜೋಡಿಸಿ, ಕಡಿಮೆ ವೋಲ್ಟೇಜಿನಿಂದ ಶುರುಮಾಡಿ. ಮುಳ್ಳು ಒಂದೇ ಕಡೆ ನಿಂತರೆ ಒಳ್ಳೆಯದು. ಚಕ್ರ ಒಂದು ಸುತ್ತು ಬಂದಾಗಲೆಲ್ಲ ಏರಿಳಿದರೆ ಎಲ್ಲೋ ಬಿಗಿತ ಇದೆ. ಸುತ್ತಿಗೊಮ್ಮೆ ಟಿಕ್ ಅಂತ ಸದ್ದು ಬಂದರೆ ಆಕ್ಸಲ್ ಮೇಲಿನ ಪ್ಲಾಸ್ಟಿಕ್ ಗೇರ್ ಸೀಳಿರುವ ಸಾಧ್ಯತೆ ಹೆಚ್ಚು.

ಹಳೆಯ ಲೋಕೋಗೆ ಡಿಜಿಟಲ್ ಡಿಕೋಡರ್, ಅಂದರೆ ಹಳಿಯ ಮೂಲಕ ಬರುವ ಆದೇಶ ಓದಿ ಲೋಕೋ ನಡೆಸುವ ಪುಟ್ಟ ಸರ್ಕ್ಯೂಟ್, ಹಾಕಿಸುವ ಬಗ್ಗೆ ನನ್ನ ನಿಲುವು ಇಷ್ಟು: ತಂತಿ ಕತ್ತರಿಸದೆ, ಮೂಲ ಭಾಗ ಎಸೆಯದೆ, ನಾಳೆ ಮತ್ತೆ ಮೊದಲಿನಂತೆ ಮಾಡಲು ಆಗುವುದಾದರೆ ಹಾಕಿಸಿ. ತೆಗೆದ ಭಾಗಗಳನ್ನು ಚೀಟಿ ಅಂಟಿಸಿದ ಚೀಲದಲ್ಲಿ ಲೋಕೋದ ಪೆಟ್ಟಿಗೆಯಲ್ಲೇ ಇಡಿ. ಯುದ್ಧಪೂರ್ವದ ಲೋಕೋಗೆ ಮಾತ್ರ ಬೇಡವೇ ಬೇಡ.

ಸಾಗಣೆ

ಹಿತ್ತಾಳೆಯ ದೊಡ್ಡ ಲೋಕೋ ಹಲವು ಕಿಲೋ ತೂಗುತ್ತದೆ. ಪೆಟ್ಟಿಗೆ ಬಿದ್ದಾಗ ಆ ತೂಕವೇ ಲೋಕೋವನ್ನು ಮುರಿಯುತ್ತದೆ. ಮೂಲ ಪೆಟ್ಟಿಗೆಯನ್ನು ಇನ್ನೊಂದು ದೊಡ್ಡ ಪೆಟ್ಟಿಗೆಯೊಳಗೆ, ಎಲ್ಲ ಕಡೆ ಗಟ್ಟಿ ಫೋಮ್ ತುಂಬಿ ಕಳಿಸಲು ಹೇಳಿ. ಪ್ಯಾಂಟೋಗ್ರಾಫ್ ಇಳಿಸಿ ಕಟ್ಟಿರಬೇಕು. ಬಬಲ್ ರ್‍ಯಾಪ್ ನೇರ ಬಣ್ಣಕ್ಕೆ ತಾಗಬಾರದು, ಗುಂಡು ಗುಂಡಾದ ಕಲೆ ಬೀಳುತ್ತದೆ. ಪೂರ್ತಿ ಬೆಲೆಗೆ ವಿಮೆ ಮಾಡಿಸಿ. ಪೆಟ್ಟಿಗೆ ಬಂದಾಗ ಅದನ್ನು ತೆರೆಯುವುದನ್ನು ಮೊದಲಿನಿಂದ ಕೊನೆತನಕ ವಿಡಿಯೋ ಮಾಡಿಟ್ಟುಕೊಳ್ಳಿ.

ಮನೆಗೆ ಬಂದ ಮೇಲೆ

ಅಟ್ಟದಲ್ಲಿ ಇಡಬೇಡಿ. ನೆಲಮಾಳಿಗೆಯಲ್ಲಿ ಇಡಬೇಡಿ. ಬಿಸಿಲು ಬೀಳುವ ಗೋಡೆಯ ಕಪಾಟೂ ಬೇಡ. ಗಾಳಿಯ ತೇವಾಂಶ ಶೇಕಡ 40ರಿಂದ 50ರ ಸುಮಾರಿಗೆ ಇದ್ದು, ಬಿಸಿ ಮತ್ತು ತಂಪು ಹೆಚ್ಚು ಏರಿಳಿಯದ ಕೋಣೆ ಒಳ್ಳೆಯದು. ಗಾಜಿನ ಬಾಗಿಲಿನ ಕಪಾಟು, ಒಳಗೆ ಸಿಲಿಕಾ ಜೆಲ್, ಒಂದು ಪುಟ್ಟ ತೇವಮಾಪಕ. ಹಲಗೆ ಗಟ್ಟಿ ಇರಲಿ. ಲೋಕೋವನ್ನು ಹಳಿಯ ತುಂಡಿನ ಮೇಲೆ ನಿಲ್ಲಿಸಿ. ಎತ್ತುವಾಗ ಫ್ರೇಮಿಗೆ ಕೈ ಹಾಕಿ. ಮೆಟ್ಟಿಲು, ಹಿಡಿಕಂಬಿ, ಛಾವಣಿ ಹಿಡಿದು ಎತ್ತಬಾರದು.

ಹಿತ್ತಾಳೆ ಮಾಡೆಲ್ ಇದ್ದರೆ ಇವತ್ತೇ ಪೆಟ್ಟಿಗೆ ತೆರೆದು ಫೋಮ್ ನೋಡಿ. ಹಳೆಯ ಪಾಲಿಯುರೆಥೇನ್ ಫೋಮ್ ಕಾಲ ಕಳೆದಂತೆ ಕರಗಿ ಜಿಗುಟಾಗುತ್ತದೆ. ಬೆರಳಿಟ್ಟರೆ ಹಳದಿ ಪುಡಿ ಅಂಟಿಕೊಳ್ಳುತ್ತದೆ, ಇಲ್ಲವೇ ಗುಳಿ ಬಿದ್ದು ಹಾಗೇ ಉಳಿಯುತ್ತದೆ. ಲೋಕೋದ ಬಣ್ಣಕ್ಕೆ ಅದು ಅಂಟಿದರೆ ಬಿಡಿಸುವುದು ಬಹಳ ಕಷ್ಟ, ಬಣ್ಣವನ್ನೂ ಕಿತ್ತುಕೊಂಡು ಬರುತ್ತದೆ. ಮುಟ್ಟದೇ ಇಟ್ಟ ಹೊಸ ಮಾಡೆಲ್‌ಗಳೇ ಹೀಗೆ ಹಾಳಾಗಿರುವುದು ಹೆಚ್ಚು, ಯಾಕೆಂದರೆ ಯಾರೂ ತೆರೆದು ನೋಡಿರುವುದಿಲ್ಲ. ಫೋಮ್ ತೆಗೆದು ಪಾಲಿಎಥಿಲೀನ್ ಫೋಮ್ ಹಾಕಿ, ಲೋಕೋವನ್ನು ಆಮ್ಲರಹಿತ ತೆಳು ಕಾಗದದಲ್ಲಿ ಸುತ್ತಿಡಿ. ಹಳೆಯ ಪೆಟ್ಟಿಗೆಯನ್ನು ಮಾತ್ರ ಎಸೆಯಬೇಡಿ, ಅದಕ್ಕೂ ಬೆಲೆಯಿದೆ.

ಧೂಳಿಗೆ ಮೆತ್ತನೆಯ ಬ್ರಷ್ ಸಾಕು. ತಗಡಿನ ಹಳೆಯ ಬಣ್ಣಕ್ಕೆ ಸ್ಪಿರಿಟ್, ಥಿನ್ನರ್, ಪಾತ್ರೆ ತೊಳೆಯುವ ದ್ರವ ಯಾವುದೂ ತಾಗಬಾರದು. ಆ ಬಣ್ಣಗಳಲ್ಲಿ ಸೀಸ ಇರುವ ಸಾಧ್ಯತೆಯೂ ಇದೆ. ಮುಟ್ಟಿದ ಮೇಲೆ ಕೈ ತೊಳೆಯಿರಿ, ಚಿಕ್ಕ ಮಕ್ಕಳ ಕೈಗೆ ಕೊಡಬೇಡಿ.

ಓಡುವ ಲೋಕೋಗಳನ್ನು ಆಗಾಗ ಓಡಿಸಿ. ಕೆಲವು ತಿಂಗಳಿಗೊಮ್ಮೆ ಹತ್ತು ನಿಮಿಷ, ಎರಡೂ ದಿಕ್ಕಿನಲ್ಲಿ. ಗ್ರೀಸ್ ಹರಡುತ್ತದೆ, ಮೋಟಾರಿನ ಒಳಗಿನ ಬ್ರಷ್‌ಗಳು ಹಿಡಿದುಕೊಳ್ಳುವುದಿಲ್ಲ, ಚಕ್ರದ ರಬ್ಬರ್ ಟೈರು ಒಂದೇ ಕಡೆ ಚಪ್ಪಟೆ ಆಗುವುದಿಲ್ಲ.

ದಾಖಲೆ ಇಡುವುದು

ಒಂದೊಂದು ಲೋಕೋಗೂ ಒಂದು ಪುಟ. ತಯಾರಕರು, ಕ್ಯಾಟಲಾಗ್ ನಂಬರ್, ಸ್ಕೇಲ್, ಯಾರಿಂದ, ಯಾವಾಗ, ಎಷ್ಟಕ್ಕೆ. ಏನು ರಿಪೇರಿ ಆಗಿದೆ, ಯಾವ ಭಾಗ ಹೊಸದು. ಆರು ಕಡೆಯಿಂದ ಫೋಟೋ, ಅದರಲ್ಲಿ ಅಡಿಭಾಗದ್ದು ಕಡ್ಡಾಯ. ಚಕ್ರಗಳ ಹತ್ತಿರದ ಫೋಟೋವನ್ನು ವರ್ಷಕ್ಕೊಮ್ಮೆ ಮತ್ತೆ ತೆಗೆದು ಹಿಂದಿನದರ ಜೊತೆ ಹೋಲಿಸಿ. ಝಿಂಕ್ ಪೆಸ್ಟ್ ಬೆಳೆಯುತ್ತಿದೆಯೋ ನಿಂತಿದೆಯೋ ಅದರಿಂದಲೇ ತಿಳಿಯುವುದು. ಬಿಲ್ಲುಗಳನ್ನು ಸ್ಕ್ಯಾನ್ ಮಾಡಿ ಎರಡು ಕಡೆ ಇಡಿ. ವಿಮೆ ಮಾಡಿಸುವುದಾದರೆ ಮನೆಯ ಸಾಮಾನ್ಯ ವಿಮೆ ಇದಕ್ಕೆ ಸಾಲದು. ಒಪ್ಪಿದ ಬೆಲೆಯ ಮೇಲೆ, ಪಟ್ಟಿ ಮತ್ತು ಫೋಟೋ ಸಮೇತ ಮಾಡಿಸಬೇಕು. ಈ ಪುಟಗಳು ಎಲ್ಲಿವೆ ಅಂತ ಮನೆಯಲ್ಲಿ ಇನ್ನೊಬ್ಬರಿಗೂ ಗೊತ್ತಿರಲಿ. ಪಟ್ಟಿ ಇಲ್ಲದ ಸಂಗ್ರಹ ಮುಂದೊಂದು ದಿನ ಗೊತ್ತಿಲ್ಲದವರ ಕೈಯಲ್ಲಿ ಹಳೆಯ ಆಟಿಕೆಗಳ ಬೆಲೆಗೆ ಹೋಗಿಬಿಡುತ್ತದೆ. ಹೋಗುವಾಗ ಪೆಟ್ಟಿಗೆಗಳೂ ಬಿಡಿಭಾಗಗಳೂ ಬೇರೆ ಬೇರೆಯಾಗುತ್ತವೆ, ಮತ್ತೆ ಅವನ್ನು ಒಂದುಗೂಡಿಸಲು ಆಗುವುದಿಲ್ಲ.